ಅಪ್ಪ-ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ತೋಟದ ಊಟ: ಮೇ ಕೊನೆಯೋ, ಜೂನ್ ನಡುವೋ?

ಪ್ರಶ್ನೆ: ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳ ಕೊನೆಯ ವಾರ ನಮ್ಮ ಅಪ್ಪ-ಅಮ್ಮನ ಮದುವೆಗೆ 50 ವರ್ಷ ತುಂಬುತ್ತದೆ. ಕಾರವಾರದಲ್ಲೇ ಸಭಾಭವನ ಹಿಡಿದು ಇನ್ನೂರು ಜನರಿಗೆ ಊಟ ಹಾಕಿಸೋಣವೆಂದು ಅಣ್ಣ ಹೇಳಿದಾಗ ಅಮ್ಮ ಆ ಮಾತನ್ನು ಮುಂದುವರಿಯಲು ಬಿಡಲಿಲ್ಲ. ಅವರ ತವರು ಸಿದ್ದಾಪುರದ ಕಡೆ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಕಡಲ ದಂಡೆಗೆ ಇಳಿದವರು. ತವರಿನ ತೋಟ ಪಾಲಾಗಿ, ಹಳೆಯ ಮನೆಗೆ ಬೀಗ ಬಿದ್ದು ಹತ್ತು ವರ್ಷಗಳ ಮೇಲಾಯಿತು. ನಾವೆಲ್ಲ ಒತ್ತಾಯ ಮಾಡಿ ಕೇಳಿದ್ದಕ್ಕೆ, ಎಲ್ಲಾದರೂ ಅಡಿಕೆ ತೋಟದ ಪಕ್ಕದಲ್ಲಿ ಕುಳಿತು ಮನೆಯವರೆಲ್ಲ ಒಂದು ಹೊತ್ತು ಉಣ್ಣುವಂತಾದರೆ ಸಾಕು ಎಂದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತ ಈಗ ತಮ್ಮ ತೋಟದಲ್ಲಿ ಬೆಳೆದದ್ದನ್ನೇ ಅಡುಗೆ ಮಾಡಿ ಬಡಿಸುತ್ತೇವೆ ಎನ್ನುವ ಊಟದ ಮನೆಗಳೂ ಹೋಂಸ್ಟೇಗಳೂ ಸಾಕಷ್ಟಿವೆ. ಫೋಟೋ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ: ಬಾಳೆ ಎಲೆ, ಹಿತ್ತಾಳೆ ತಂಬಿಗೆ, ಹಿಂದೆ ಅಡಿಕೆ ಮರ. ಇವುಗಳಲ್ಲಿ ನಿಜವಾಗಿ ತೋಟದ ಊಟ ಯಾವುದು, ಹೆಸರಿಗೆ ಮಾತ್ರ ತೋಟ ಯಾವುದು ಎಂಬುದನ್ನು ಕಾರವಾರದಲ್ಲಿ ಕುಳಿತು ತಿಳಿಯುವುದು ಹೇಗೆ?

ನಾವು ಒಟ್ಟು 16 ಜನ. ಅಪ್ಪ ಅಂಕೋಲೆಯವರು, 78 ವರ್ಷ, ಮೀನಿಲ್ಲದ ಊಟವನ್ನು ಊಟವೆಂದು ಒಪ್ಪದವರು, ಮೊಣಕಾಲು ನೋವಿರುವುದರಿಂದ ಮಣೆಯ ಮೇಲೆ ಕೂರಲಾರರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅತ್ತಿಗೆಯ ತಂದೆ-ತಾಯಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪುಣೆಯಲ್ಲಿರುವ ಅಣ್ಣನಿಗೆ ಜೂನ್ ನಡುವಿನಲ್ಲಿ ರಜೆ ಸುಲಭವಾಗಿ ಸಿಗುತ್ತದೆ, ಮೇ ಕೊನೆಗಾದರೆ ಕಷ್ಟಪಟ್ಟು ಬರಬೇಕಾಗುತ್ತದೆ. ಮಳೆ ಹಿಡಿದ ಮೇಲೆ ತೋಟ ಇನ್ನೂ ಹಸಿರಾಗಿ ಚೆನ್ನಾಗಿ ಕಾಣುತ್ತದೆ, ಜೂನಿಗೇ ಇಟ್ಟುಕೊಳ್ಳೋಣ ಎಂಬುದು ಅವನ ವಾದ. ತಿಳಿದವರು ಸಲಹೆ ಕೊಡಬೇಕಾಗಿ ವಿನಂತಿ.

ಉತ್ತರ: ತೋಟಿಗ, ಶಿರಸಿ ಸೀಮೆ

ನಮ್ಮ ಮನೆಯಲ್ಲೂ ಮುಂಚಿತವಾಗಿ ಹೇಳಿ ಬಂದವರಿಗೆ ವರ್ಷದಲ್ಲಿ ನಾಲ್ಕಾರು ಬಾರಿ ಊಟ ಹಾಕುತ್ತೇವೆ. ಆದ್ದರಿಂದ ನನ್ನ ಮಾತಿನಲ್ಲಿ ಒಂದಿಷ್ಟು ಪಕ್ಷಪಾತ ಇರಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೇ ಕೊನೆಯ ವಾರ ನಾವು ಯಾರಿಗೂ ಊಟ ಇಟ್ಟುಕೊಳ್ಳುವುದಿಲ್ಲ, ಮನೆಯಲ್ಲಿ ಹಪ್ಪಳದ ಕೆಲಸ ಇರುತ್ತದೆ. ಹಾಗಾಗಿ ಇದು ಗಿರಾಕಿ ಹಿಡಿಯುವ ಮಾತಲ್ಲ.

ನಿಮ್ಮ ಅಣ್ಣನವರು ಹೇಳಿದಂತೆ ಜೂನ್ ನಡುವಿನಲ್ಲಿ ತೋಟ ಹಸಿರಾಗಿ ಕಾಣುವುದು ನಿಜ. ಕಣ್ಣಿಗೆ ಹಸಿರಾದ ಆ ಹೊತ್ತಿನಲ್ಲಿಯೇ ನಮ್ಮ ಅಡುಗೆಮನೆ ವರ್ಷದಲ್ಲೇ ಹೆಚ್ಚು ಬಡವಾಗಿರುತ್ತದೆ. ಹೀರೆ, ಬೆಂಡೆ, ಮಳೆಗಾಲದ ಸೌತೆ ಇವುಗಳ ಬೀಜವನ್ನು ನಾವು ಮಣ್ಣಿಗೆ ಹಾಕುವುದೇ ಮೊದಲ ಮಳೆ ಬಿದ್ದ ಮೇಲೆ, ಅವು ಕಾಯಿ ಬಿಟ್ಟು ಕೈಗೆ ಸಿಗುವುದು ಶ್ರಾವಣದ ಹೊತ್ತಿಗೆ. ಕಳಲೆ, ಅಂದರೆ ಎಳೆ ಬಿದಿರು, ಮೊಳೆತು ಮೇಲೆ ಬರಲು ಮಳೆ ಚೆನ್ನಾಗಿ ಹಿಡಿಯಬೇಕು. ಪತ್ರೊಡೆಗೆ ಬೇಕಾದ ಮರಗೆಸುವೂ ಆಷಾಢದ ಮಳೆಯಲ್ಲಿ ನೆಂದ ಮರಗಳ ಮೇಲೆ ನಿಧಾನವಾಗಿ ಎಲೆ ಬಿಚ್ಚುತ್ತದೆ. ಅರಿಶಿನದ ಎಲೆ ಅಷ್ಟು ಬೇಗ ಅಗಲವಾಗಿರುವುದಿಲ್ಲ. ಮರದಲ್ಲಿ ಉಳಿದ ಹಲಸಿನ ಹಣ್ಣಿಗೆ ನೀರು ಇಳಿದು ಸಪ್ಪೆಯಾಗಿರುತ್ತದೆ. ಜೂನ್ ನಡುವಿನಲ್ಲಿ 16 ಜನರಿಗೆ ಯಾರಾದರೂ ಭರ್ಜರಿ ತೋಟದ ಊಟ ಹಾಕುತ್ತೇವೆ ಎಂದರೆ, ಆ ತರಕಾರಿ ಶಿರಸಿ ಪೇಟೆಯಿಂದ ಬಂದದ್ದು ಎಂದು ಧಾರಾಳವಾಗಿ ತಿಳಿಯಬಹುದು.

ಮೇ ಕೊನೆಯಲ್ಲಿ ನೀರಿಗೆ ಬರ, ನೋಟಕ್ಕೂ ತೋಟ ಸ್ವಲ್ಪ ಬಾಡಿದಂತೆ ಇರುತ್ತದೆ. ಆದರೆ ಹಲಸು ತುಂಬಿರುತ್ತದೆ, ಮುರುಗಲು (ಕೋಕಂ) ಹಣ್ಣಾಗಿ ಉದುರುತ್ತಿರುತ್ತದೆ, ಕಾಟು ಮಾವಿನ ಹಣ್ಣು ಸಾಸಿವೆ ಎಂಬ ಗೊಜ್ಜಿಗೆ ಸಿಗುತ್ತದೆ, ಅಪ್ಪೆಹುಳಿ ಎಂಬ ತಿಳಿಸಾರಿಗೆ ಬೇಕಾದಷ್ಟು ಹುಳಿ ಮಾವಿನಕಾಯಿ ಇನ್ನೂ ಮರದಲ್ಲಿ ಉಳಿದಿರುತ್ತದೆ. ಬೇಸಿಗೆಯಲ್ಲಿ ಬೆಳೆದ ಮೊಗೆಕಾಯಿಗಳನ್ನು, ಅಂದರೆ ಮಂಗಳೂರು ಸೌತೆಯನ್ನು, ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ಸಾಲಾಗಿ ನೇತು ಹಾಕಿರುತ್ತೇವೆ. ಹೋದ ಮನೆಯಲ್ಲಿ ತಲೆ ಎತ್ತಿ ಜಂತಿ ನೋಡಿ, ಅಲ್ಲಿ ಮೊಗೆಕಾಯಿ ತೂಗುತ್ತಿದ್ದರೆ ಆ ಮನೆಯ ಹುಳಿಯನ್ನು ನಂಬಬಹುದು. ಬಾಳೆದಿಂಡು, ಬಾಳೆಕಾಯಿ, ಕಾಲುವೆ ಬದಿಯ ಒಂದೆಲಗ ಇವಕ್ಕೆ ಕಾಲದ ಹಂಗಿಲ್ಲ. ಮೊದಲ ಅನ್ನಕ್ಕೆ ಒಂದೆಲಗದ ತಂಬುಳಿ, ನಡುವೆ ಕುಡಿಯಲು ತಣ್ಣಗಿನ ಅಪ್ಪೆಹುಳಿ, ಕೊನೆಗೆ ಬಾಳೆ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು ಇಷ್ಟಾದರೆ ನಿಮ್ಮ ತಾಯಿಯವರಿಗೆ ತವರಿನ ನೆನಪು ಬರದೆ ಇರದು. (ಅಪ್ಪೆಹುಳಿ ಎರಡು ಲೋಟ ಕುಡಿದವರಿಗೆ ಮಲಗಲು ಚಾಪೆ ಬೇಕಾಗುತ್ತದೆ, ಅದನ್ನೂ ಮೊದಲೇ ಕೇಳಿ ಇಟ್ಟುಕೊಳ್ಳಿ.)

ತೊಡೆದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ಬೇಕೆಂದು ಕೇಳುವವರು ಬಹಳ. ಅದರ ಕಾಲ ಆಲೆಮನೆಯ ಕಾಲ, ಅಂದರೆ ಜನವರಿಯಿಂದ ಮಾರ್ಚ್ ವರೆಗೆ. ಹಸಿ ಕಬ್ಬಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕಲಸಿ, ಕವುಚಿ ಇಟ್ಟ ಮಡಕೆಯ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ತೆಳ್ಳಗೆ ಎಳೆದು, ಅದು ಕಾಗದದಂತೆ ಎದ್ದು ಬರುವಾಗ ಬಿಸಿಯಿರುವಾಗಲೇ ಮಡಚಬೇಕು. ಒಂದು ಕ್ಷಣ ತಡವಾದರೆ ಮುರಿದು ಚೂರಾಗುತ್ತದೆ. ಮೇ ತಿಂಗಳಲ್ಲಿ ಸಿಗುವುದು ಡಬ್ಬಿಯಲ್ಲಿ ತುಂಬಿಟ್ಟದ್ದು ಅಥವಾ ಬೆಲ್ಲದ ನೀರಿನಲ್ಲಿ ಮಾಡಿದ್ದು. ತಿನ್ನಲು ಅಡ್ಡಿಯಿಲ್ಲ, ಎದುರಿಗೇ ಹೊಯ್ದು ಕೊಡುತ್ತೇವೆ ಎಂಬ ಆಸೆಗೆ ಮಾತ್ರ ದುಡ್ಡು ಕೊಡಬೇಡಿ.

ನಿಜವಾದ ತೋಟದ ಊಟವನ್ನು ಗುರುತಿಸುವುದಕ್ಕೆ ನಾನು ಹೇಳುವುದು ಒಂದೇ ಉಪಾಯ. ಫೋನ್ ಮಾಡಿ, ಇಂಥ ದಿನ ಬಂದರೆ ಏನೇನು ಅಡುಗೆ ಮಾಡುತ್ತೀರಿ ಎಂದು ಕೇಳಿ. ದಿನಾಂಕ ಯಾವುದೆಂದು ಕೇಳದೆಯೇ ಇಪ್ಪತ್ತು ಬಗೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವವರನ್ನು ಬಿಟ್ಟುಬಿಡಿ. ಐದಾರು ಹೆಸರು ಹೇಳಿ, ಉಳಿದದ್ದನ್ನು ಹಿಂದಿನ ವಾರ ತೋಟ ನೋಡಿ ಹೇಳುತ್ತೇವೆ ಎನ್ನುವವರಲ್ಲಿ ಹೋಗಿ. ಹಾಗೆಂದು ಎಲ್ಲವೂ ತೋಟದ್ದೇ ಆಗಿರಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಅಡಿಕೆ ತೋಟದಲ್ಲಿ ಬಾಳೆ, ಕಾಳುಮೆಣಸು, ಏಲಕ್ಕಿ, ವೀಳ್ಯದೆಲೆ, ಜಾಯಿಕಾಯಿ ಬೆಳೆಯುತ್ತವೆ. ತೊಗರಿಬೇಳೆ ಕಲಬುರಗಿ ಕಡೆಯಿಂದಲೇ ಬರಬೇಕು, ಒಣಮೆಣಸು ಬ್ಯಾಡಗಿಯದು, ಸಕ್ಕರೆ, ಎಣ್ಣೆ, ಹಿಂಗು ಅಂಗಡಿಯವು. ಇದನ್ನು ಮುಚ್ಚಿಡದೆ ಹೇಳುವ ಮನೆಯವರು ಉಳಿದದ್ದರಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಅನುಭವ.

ಉತ್ತರ: ಹಳೇ ಮಾಸ್ತರ, ಅಂಕೋಲಾ

ತೋಟಿಗರ ಮಾತಿಗೆ ನನ್ನದೊಂದು ಕಹಿ ಅನುಭವವನ್ನು ಸೇರಿಸುತ್ತೇನೆ. ನಿವೃತ್ತನಾದ ವರ್ಷ ಆಗಸ್ಟ್ ತಿಂಗಳಲ್ಲಿ ಮಕ್ಕಳು ನನ್ನನ್ನೂ ನನ್ನ ಹೆಂಡತಿಯನ್ನೂ ಘಟ್ಟದ ಮೇಲಿನ ಇಂಥದೇ ಒಂದು ಕಡೆ ಕರೆದುಕೊಂಡು ಹೋಗಿದ್ದರು. ಹೆಸರು ಹೇಳುವುದಿಲ್ಲ, ಈಗ ಸುಧಾರಿಸಿರಬಹುದು. ಬಾಗಿಲಲ್ಲಿ 'ತೋಟದಿಂದ ತಟ್ಟೆಗೆ' ಎಂಬ ಫಲಕ, ಅದರ ಬುಡದಲ್ಲಿ ನೋಡಲೆಂದೇ ನೆಟ್ಟ ಹತ್ತು ಹದಿನೈದು ಲೆಟ್ಯೂಸ್ ಗಿಡ. ಊಟಕ್ಕೆ ಕುಳಿತರೆ ಹೂಕೋಸಿನ ಮಂಚೂರಿ, ಪನೀರ್, ಟೊಮೆಟೊ ಸೂಪ್. ಹೀರೆಯೂ ಬೆಂಡೆಯೂ ಬೇಲಿಯ ಮೇಲೆ ಜೋತು ಬೀಳುವ ಆಗಸ್ಟ್ ತಿಂಗಳಿನಲ್ಲಿ, ಅವೆರಡರಲ್ಲಿ ಒಂದೂ ಎಲೆಗೆ ಬರಲಿಲ್ಲ.

ಅಪ್ಪೆಹುಳಿ ಎಂದು ತಂದುಕೊಟ್ಟದ್ದು ಬಿಸಿಯಾಗಿತ್ತು, ಬಾಯಿಗಿಟ್ಟರೆ ಹುಣಸೆಹಣ್ಣಿನ ರುಚಿ. ಬಡಿಸುತ್ತಿದ್ದ ಹುಡುಗನನ್ನು ಮೆಲ್ಲಗೆ ಕೇಳಿದೆ. ವಾರಕ್ಕೆ ಎರಡು ಸಲ ಹುಬ್ಬಳ್ಳಿಯಿಂದ ಗಾಡಿ ಬರುತ್ತದೆ ಸರ್ ಎಂದು ಅವನು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ. ಹುಬ್ಬಳ್ಳಿಯ ತರಕಾರಿಯ ಮೇಲೆ ನನಗೆ ಕೋಪವಿಲ್ಲ. ನಮ್ಮ ಕರಾವಳಿಯ ಪೇಟೆಗಳು ನಡೆಯುವುದೇ ಬೆಳಗಾವಿ, ಹುಬ್ಬಳ್ಳಿಯ ಕಾಯಿಪಲ್ಲೆಯಿಂದ. ಅದನ್ನೇ ತೋಟದ್ದೆಂದು ಹೇಳಿ ಎರಡು ಪಟ್ಟು ಬೆಲೆ ತೆಗೆದುಕೊಂಡರಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ. ಮಕ್ಕಳು ದುಡ್ಡು ಕೊಡುತ್ತಿದ್ದುದರಿಂದ ಬಾಯಿ ಬಿಡಲಿಲ್ಲ, ಚೆನ್ನಾಗಿತ್ತು ಎಂದು ಎದ್ದು ಬಂದೆ. ಹಿರಿಯರ ಸಂಭ್ರಮಕ್ಕೆ ಕರೆದುಕೊಂಡು ಹೋಗುವ ಮಕ್ಕಳು ಈ ಮಾತನ್ನು ನೆನಪಿನಲ್ಲಿಡಬೇಕು: ನಾವು ಚೆನ್ನಾಗಿತ್ತು ಎನ್ನುವುದಕ್ಕೆ ಬೆಲೆ ಇಲ್ಲ.

ಆದ್ದರಿಂದ ಸಾಧ್ಯವಿದ್ದರೆ ನಿಮ್ಮಲ್ಲಿ ಒಬ್ಬರು ಮೊದಲೇ ಒಂದು ದಿನ ಹೋಗಿ ಉಂಡು ಬನ್ನಿ. 'ಸಾವಯವ' ಎಂದು ದೊಡ್ಡದಾಗಿ ಬರೆದುಕೊಂಡಿದ್ದರೆ ಪಿಜಿಎಸ್ (ರೈತರೇ ಗುಂಪಾಗಿ ಒಬ್ಬರನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ) ಗುಂಪಿನದೋ ಬೇರೆ ಸಂಸ್ಥೆಯದೋ ಪ್ರಮಾಣಪತ್ರ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಊಟದ ವ್ಯಾಪಾರ ಮಾಡುವವರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ ಇರಬೇಕು. ಅದು ಊಟ ರುಚಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ನೋಂದಣಿ ಇದೆ ಎಂದಷ್ಟೇ ತಿಳಿಸುತ್ತದೆ.

ಉತ್ತರ: ಅಘನಾಶಿನಿ ದಂಡೆಯವರು, ಕುಮಟಾ

ತೋಟದ ಊಟವೆಂದರೆ ಘಟ್ಟದ ಮೇಲಿನದ್ದು ಮಾತ್ರ ಎಂಬಂತೆ ಎಲ್ಲರೂ ಬರೆಯುತ್ತಿರುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಬೆಳೆದ ಜಾಗದಲ್ಲೇ ಬೇಯಿಸಿ ಉಣ್ಣುವುದು ನಮ್ಮ ಕರಾವಳಿಯವರಿಗೂ ಹೊಸದಲ್ಲ. ಮಾಣಿಕಟ್ಟಾದ ಗಜನಿಯಲ್ಲಿ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪುನೀರನ್ನು ತಾಳಿಕೊಂಡು, ಗೊಬ್ಬರವಿಲ್ಲದೆ ಕಗ್ಗ ಭತ್ತ ಬೆಳೆಯುತ್ತದೆ. ಕಟಾವು ಮುಗಿದ ಮೇಲೆ ಅದೇ ಗದ್ದೆಯೊಳಕ್ಕೆ ಹೊಳೆಯ ನೀರನ್ನು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಅನ್ನವೂ ಅದರ ಮೇಲೆ ಹಾಕಿಕೊಳ್ಳುವ ಸಾರೂ ಒಂದೇ ಗದ್ದೆಯವು. ಅದಕ್ಕೆ ಸಾಣಿಕಟ್ಟಾದ ಉಪ್ಪು ಬಿದ್ದರೆ ಬೇರೆ ಊರಿನ ಹಂಗೇ ಬೇಡ. ನಮ್ಮ ಹೊಳೆಯ ಬಳಚು (ಚಿಪ್ಪು ಮೀನು) ತಿಂದು ಬೆಳೆದವರಿಗೆ ಅಳಿವೆಯ ಬೆಲೆ ಮೊದಲೇ ಗೊತ್ತಿತ್ತು, 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದರಿಂದ ಹೊರಗಿನವರಿಗೂ ಗೊತ್ತಾಯಿತು.

ಇರಲಿ, ಸಂಭ್ರಮ ನಿಮ್ಮ ತಾಯಿಯವರ ಇಷ್ಟದಂತೆ ನಡೆಯಬೇಕು, ಘಟ್ಟ ಹತ್ತಿರಿ. ಆದರೆ ತಂದೆಯವರ ಮೀನಿನ ವಿಷಯದಲ್ಲಿ ಒಂದು ಮಾತು. ಶಿರಸಿ ಕಡೆಯ ಅನೇಕ ತೋಟದ ಮನೆಗಳ ಅಡುಗೆಮನೆಗೆ ಮೀನು ಬರುವುದಿಲ್ಲ. ಗಿರಾಕಿಗಳೆಂದು ಕೇಳಿ ಅವರನ್ನು ಮುಜುಗರಕ್ಕೆ ಸಿಲುಕಿಸುವುದು ಬೇಡ. ಹಾಗೆಯೇ ಕೇಳಿದ ಕೂಡಲೇ ಮಾಡಿಕೊಡುತ್ತೇವೆ ಎಂದರೆ, ಕುಮಟೆಯಿಂದ ಘಟ್ಟ ಹತ್ತಿ ಬರುವಷ್ಟರಲ್ಲಿ ಆ ಬಂಗಡೆ ಎಷ್ಟು ಹೊತ್ತಿನದಾಗಿರುತ್ತದೆ ಎಂಬುದನ್ನೂ ಲೆಕ್ಕ ಹಾಕಿ. ಹಿಂದಿನ ರಾತ್ರಿ ಮನೆಯಲ್ಲೇ ಮೀನೂಟ ಮಾಡಿಬಿಡಿ. ದಿನಾಂಕದ ಪ್ರಶ್ನೆಗೆ ಉತ್ತರ ಇಲ್ಲಿಯೂ ಇದೆ: ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಜೂನ್ ನಡುವಿನಲ್ಲಿ ನಾಡದೋಣಿಯವರು ದಡದ ಹತ್ತಿರ ಹಿಡಿದ ಅಷ್ಟಿಷ್ಟು ಮೀನು ಬಿಟ್ಟರೆ ಮಂಜುಗಡ್ಡೆಯ ಮೀನೇ ಗತಿ, ಇಸ್ವಾಣದ (ಅಂಜಲ್ ಮೀನಿನ) ಬೆಲೆಯನ್ನಂತೂ ಕೇಳುವ ಹಾಗಿರುವುದಿಲ್ಲ. ಮೇ ಕೊನೆಯಲ್ಲಿ ಬಲೆಗಳು ಇನ್ನೂ ನೀರಿನಲ್ಲಿರುತ್ತವೆ.

ಹಾದಿಯಲ್ಲಿ ಅಂಕೋಲೆಯಲ್ಲಿ ಕರಿ ಇಶಾಡ ಮಾವಿನ ಹಣ್ಣು ಕೊಂಡುಕೊಳ್ಳುವುದನ್ನು ಮರೆಯಬೇಡಿ. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳ್ಳಗೆ, ತಿರುಳು ಹೆಚ್ಚು, ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಒಟ್ಟಿದರೆ ಶಿರಸಿ ಮುಟ್ಟುವಷ್ಟರಲ್ಲಿ ರಸಾಯನವಾಗಿರುತ್ತದೆ, ಹುಲ್ಲು ಹಾಸಿ ಒಂದೇ ಪದರವಾಗಿ ಇಡಿಸಿಕೊಳ್ಳಿ. ಕುಮಟೆ ದಾಟುವಾಗ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತು ಹಾಕಿದ ಸಿಹಿ ಈರುಳ್ಳಿ ಕಾಣುತ್ತದೆ. ಅದೂ ಮಳೆ ಬರುವವರೆಗಿನ ಮಾತು, ಜೂನಿಗೆ ಬಂದರೆ ಬರಿಯ ಹಂದರ ಕಂಡೀತು.

ಉತ್ತರ: ಘಟ್ಟ ಹತ್ತಿಳಿಯುವ ಚಾಲಕ

ಊಟದ ವಿಷಯ ಬಲ್ಲವರು ಹೇಳಿದ್ದಾರೆ, ನನ್ನದು ರಸ್ತೆಯ ಮಾತು. ಕಾರವಾರದಿಂದ ಶಿರಸಿಗೆ ಸುಮಾರು 120 ಕಿಲೋಮೀಟರ್, ವಯಸ್ಸಾದವರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತುವುದಾದರೆ ಮೂರು ಗಂಟೆಗಿಂತ ಹೆಚ್ಚು ಹಿಡಿಯಿರಿ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಮಳೆ ಹಿಡಿದ ಮೇಲೆ ಮುದುಕರನ್ನೂ ಮಕ್ಕಳನ್ನೂ ಊಟಕ್ಕಾಗಿ ಆ ದಾರಿಯಲ್ಲಿ ಕರೆದುಕೊಂಡು ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಇನ್ನು ಜೂನಿನಲ್ಲಿ ತೋಟದೊಳಗೆ ಕಾಲಿಟ್ಟರೆ ಉಂಬಳ (ಜಿಗಣೆ) ಹತ್ತದೆ ಬಿಡುವುದಿಲ್ಲ, ಪುಣೆಯ ಮಕ್ಕಳು ಅದನ್ನು ನೋಡಿ ಕಿರುಚಿದರೆ ಅಜ್ಜ-ಅಜ್ಜಿಯ ಊಟ ಅರ್ಧಕ್ಕೇ ನಿಲ್ಲುತ್ತದೆ. ಬೆಳಿಗ್ಗೆ 7 ಗಂಟೆಯೊಳಗೆ ಹೊರಡಿ. ಘಟ್ಟದ ತಿರುವಿಗೆ ತಲೆ ತಿರುಗುವವರಿದ್ದರೆ ಹೊಟ್ಟೆ ತುಂಬ ದೋಸೆ ತಿನ್ನಿಸಿ ಹತ್ತಿಸಬೇಡಿ.

ಪ್ರಶ್ನೆ ಕೇಳಿದವರಿಂದ: ಕೋಡಿಬಾಗದವಳು, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿ ಬಂದ ಉತ್ತರಗಳನ್ನು ಅಣ್ಣನಿಗೆ ಓದಿ ಹೇಳಿದೆ. ತೋಟದ ಬಡ ಅಡುಗೆಮನೆಗಾಗಲಿ ಗುಡ್ಡ ಕುಸಿತಕ್ಕಾಗಲಿ ಅವನು ಅಷ್ಟಾಗಿ ಅಲುಗಾಡಲಿಲ್ಲ, ಇಸ್ವಾಣ ಸಿಗುವುದಿಲ್ಲ ಎಂದ ಕೂಡಲೇ ಮೇ ಕೊನೆಗೆ ರಜೆ ಹಾಕುತ್ತೇನೆ ಎಂದ. ದಿನಾಂಕ ಹಾಗೆ ತೀರ್ಮಾನವಾಯಿತು.

ತೋಟಿಗರು ಹೇಳಿದ ಉಪಾಯವನ್ನು ನಾಲ್ಕು ಕಡೆ ಪ್ರಯೋಗಿಸಿದೆ. ಒಬ್ಬರು ಫೋನ್ ಎತ್ತಿದವರೇ ಪಟ್ಟಿಯನ್ನು ವಾಟ್ಸ್‌ಆ್ಯಪ್‌ಗೆ ಕಳಿಸಿದರು, ಅದರಲ್ಲಿ ಕಳಲೆ ಪಲ್ಯವೂ ತೊಡೆದೇವೂ ಪತ್ರೊಡೆಯೂ ಒಟ್ಟಿಗೇ ಇದ್ದವು. ಬೇರೆ ಬೇರೆ ಕಾಲದ ತಿನಿಸುಗಳು ಒಂದೇ ಎಲೆಯ ಮೇಲೆ ಹೇಗೆ ಬರುತ್ತವೆ ಎಂದು ಈಗ ನನಗೂ ಗೊತ್ತಾಗುವಂತಾಗಿದೆ. ಇನ್ನಿಬ್ಬರು ಐವತ್ತಕ್ಕಿಂತ ಕಡಿಮೆ ಜನರಿಗೆ ಮಾಡುವುದಿಲ್ಲವೆಂದರು. ನಾಲ್ಕನೆಯ ಮನೆಯಲ್ಲಿ ಮಾತನಾಡಿದ ಹೆಂಗಸು, ಆ ವಾರ ಹಲಸು ಖಂಡಿತ ಇರುತ್ತದೆ, ಬಾಳೆದಿಂಡು ಇದೆ, ಮೊಗೆಕಾಯಿ ಇದೆ, ಅಪ್ಪೆಹುಳಿ ಮಾಡುತ್ತೇವೆ, ಉಳಿದದ್ದನ್ನು ಈಗಲೇ ಕೇಳಬೇಡಿ ಎಂದರು. ಅಲ್ಲಿಗೇ ಹೋಗುತ್ತಿದ್ದೇವೆ.

ಮಾಸ್ತರರ ಮಾತಿನಂತೆ ಕಳೆದ ಭಾನುವಾರ ನಾನೂ ನನ್ನ ಗಂಡನೂ ಹೋಗಿ ಉಂಡು ಬಂದೆವು. ಜಂತಿಯಲ್ಲಿ ಮೊಗೆಕಾಯಿ ತೂಗುತ್ತಿತ್ತು, ಎಣಿಸಿದೆ, 23 ಇದ್ದವು. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು, ಕಾಗೆ ಕಾಯಲು ಒಬ್ಬ ಹುಡುಗ ಕೋಲು ಹಿಡಿದು ಕುಳಿತು ಮೊಬೈಲ್ ನೋಡುತ್ತಿದ್ದ. ತೊಗರಿಬೇಳೆ ಎಲ್ಲಿಯದು ಎಂದು ಕೇಳಿದ್ದಕ್ಕೆ ಆ ಹೆಂಗಸು ನಕ್ಕು, ಅಡಿಕೆ ಮರದಲ್ಲಿ ಬೇಳೆ ಬಿಡುವುದಿಲ್ಲವಲ್ಲ ತಂಗಿ, ಪೇಟೆಯ ಸೊಸೈಟಿಯದು ಎಂದರು. ಅಪ್ಪನಿಗೆ ಮೇಜು-ಕುರ್ಚಿ ಹಾಕಲು ಒಪ್ಪಿದ್ದಾರೆ, ಆದರೆ ಅವರೊಬ್ಬರೇ ಬೇರೆ ಕುಳಿತಂತಾಗಬಾರದೆಂದು ಹಿರಿಯರು ನಾಲ್ವರಿಗೂ ಮೇಜನ್ನೇ ಹಾಕಿಸುತ್ತೇವೆ. ಅಮ್ಮನಿಗಾಗಿ ಕಡುಬಿಗೆ ಬೆಲ್ಲ ಕಡಿಮೆ ಹಾಕಬಹುದೇ ಎಂದು ಕೇಳಿದೆ. ಹಣ್ಣು ಚೆನ್ನಾಗಿ ಹಣ್ಣಾಗಿದ್ದರೆ ಬೆಲ್ಲವನ್ನೇ ಹಾಕುವುದಿಲ್ಲ, ಆದರೂ ಹಣ್ಣಿನ ಸಿಹಿ ಸಿಹಿಯೇ, ಒಂದಕ್ಕಿಂತ ಹೆಚ್ಚು ಬಡಿಸುವುದಿಲ್ಲ ಎಂದು ಅವರೇ ಖಡಾಖಂಡಿತವಾಗಿ ಹೇಳಿದರು. ಮನೆಯಲ್ಲಿ ನಾನು ಹೇಳಿದರೆ ಅಮ್ಮ ಕೇಳುವುದಿಲ್ಲ, ಅವರು ಹೇಳಿದರೆ ಕೇಳಬಹುದು.

ಕೊನೆಗೆ ಎಲೆಯ ಮಾತು ಬಂತು. ಹದಿನಾರೂ ಜನರಿಗೆ ಕುಡಿ ಎಲೆ, ಅಂದರೆ ಬಾಳೆ ಎಲೆಯ ತುದಿ, ಸಿಕ್ಕೀತೇ ಎಂದು ವಿಚಾರಿಸಿದೆ. ಈ ಬಿಸಿಲಿಗೆ ಬಾಳೆ ಎಲೆಗಳೆಲ್ಲ ಸೀಳಿಹೋಗಿವೆ, ನಾಲ್ಕು ಒಳ್ಳೆಯ ಕುಡಿ ಸಿಗಬಹುದು, ಅಂದು ಬೆಳಿಗ್ಗೆ ಕೊಯ್ದು ನೀರು ಚಿಮುಕಿಸಿ ಇಡುತ್ತೇವೆ, ಯಾರಿಗೆ ಹಾಕಬೇಕೆಂದು ನೀವೇ ಹೇಳಿ ಎಂದರು. ಎರಡು ಅಪ್ಪ-ಅಮ್ಮನಿಗೆ, ಎರಡು ಬೀಗರಿಗೆ ಎಂದು ಹೇಳಿ ಮುಂಗಡ ಕೊಟ್ಟು ಬಂದಿದ್ದೇವೆ.